ಸತ್ತವರನ್ನು ಲೆಕ್ಕಕ್ಕಿಡದ ಕಂತು

(ತುಮಕೂರಿನಲ್ಲಿ ಸರಣಿಗಳನ್ನು ನೋಡಿ ಚರ್ಚಿಸುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ)

'ಸೂಪರ್‌ನ್ಯಾಚುರಲ್' ಸರಣಿಯಲ್ಲಿ ಒಟ್ಟು 327 ಕಂತುಗಳಿವೆ. ನಿಮಗೆ ತುಂಬಾ ಇಷ್ಟವಾದ ಹತ್ತು ಕಂತು ಹೇಳಿ ಅಂತ ಯಾವ ಅಭಿಮಾನಿಯನ್ನು ಕೇಳಿದರೂ ಅದರಲ್ಲಿ 'ದಿ ಫ್ರೆಂಚ್ ಮಿಸ್ಟೇಕ್' ಇರುವ ಸಾಧ್ಯತೆ ಜಾಸ್ತಿ. ಈ ಕೋಣೆಯಲ್ಲೇ ಅದನ್ನು ಹೊಟ್ಟೆ ಹುಣ್ಣಾಗುವಷ್ಟು ನಕ್ಕು ನೋಡಿದವರಿದ್ದೀರಿ. ನನಗೆ ಆ ಕಂತು ಇಷ್ಟವಿಲ್ಲ. ಯಾಕೆ ಇಷ್ಟವಿಲ್ಲ ಅನ್ನುವುದನ್ನು ಇವತ್ತು ಬಿಡಿಸಿ ಹೇಳುತ್ತೇನೆ. ಈ ಸರಣಿಯ ಮೇಲೆ ನನಗೆ ಬಹಳ ಪ್ರೀತಿ ಇದೆ. ಪ್ರೀತಿ ಇಲ್ಲದಿದ್ದರೆ ಒಂದು ಕಂತಿನ ಬಗ್ಗೆ ಇಷ್ಟು ಹೊತ್ತು ಮಾತಾಡುವ ಅಗತ್ಯವೇ ಇರುತ್ತಿರಲಿಲ್ಲ.

ಹಿಂದಿನ ಸಾಲಿನಲ್ಲಿ ಕುಳಿತ ಕೆಲವು ಹಿರಿಯರು ಈ ಸರಣಿಯನ್ನು ನೋಡಿಲ್ಲ ಎಂದರು. ಅವರಿಗಾಗಿ ಎರಡು ಮಾತು. ಇದು ಅಮೆರಿಕದ ಸರಣಿ. 2005ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2020ರ ನವೆಂಬರ್‌ನಲ್ಲಿ ಮುಗಿಯಿತು. ಒಟ್ಟು 15 ಸೀಸನ್. ಹುಟ್ಟುಹಾಕಿದವರು ಎರಿಕ್ ಕ್ರಿಪ್ಕಿ. ಡೀನ್ ಅಣ್ಣ, ಸ್ಯಾಮ್ ತಮ್ಮ. 1983ರ ನವೆಂಬರ್ 2ರ ರಾತ್ರಿ, ಕಾನ್ಸಾಸ್‌ನ ಲಾರೆನ್ಸ್ ಊರಿನ ಮನೆಯಲ್ಲಿ, ತೊಟ್ಟಿಲಿನಲ್ಲಿದ್ದ ಸ್ಯಾಮ್‌ನ ತಲೆಯ ಮೇಲೆ, ಮನೆಯ ಸೂರಿಗೆ ಅಂಟಿಕೊಂಡಂತೆ ಇವರ ತಾಯಿ ಉರಿದು ಸಾಯುತ್ತಾಳೆ. ಅಲ್ಲಿಂದ ಅಪ್ಪ ಮಕ್ಕಳಿಬ್ಬರನ್ನೂ ದೆವ್ವ ಭೂತಗಳ ಬೇಟೆಗಾರರನ್ನಾಗಿ ಬೆಳೆಸುತ್ತಾನೆ. ಅಣ್ಣ ತಮ್ಮ 1967ರ ಕಪ್ಪು ಇಂಪಾಲಾ ಕಾರಿನಲ್ಲಿ ಊರೂರು ತಿರುಗುತ್ತಾರೆ. ಎಲ್ಲಿ ವಿಚಿತ್ರ ಸಾವು ಆಯಿತೋ ಅಲ್ಲಿಗೆ ಹೋಗುತ್ತಾರೆ. ಇಷ್ಟು ಸಾಕು.

ಈ ಸರಣಿಯಲ್ಲಿ ದೆವ್ವಗಳಿಗೆ ನಿಯಮಗಳಿವೆ. ಉಪ್ಪಿನ ಗೆರೆಯನ್ನು ದೆವ್ವ ದಾಟುವುದಿಲ್ಲ. ಕಬ್ಬಿಣ ತಾಗಿದರೆ ಚದುರಿಹೋಗುತ್ತದೆ. ಮೂಳೆಗೆ ಉಪ್ಪು ಹಾಕಿ ಸುಟ್ಟರೆ ಮುಕ್ತಿ. ಹುಡುಗರು ಇದನ್ನು ನೋಡಿ ವಿದೇಶದ ಹೊಸ ಕಲ್ಪನೆ ಎಂದುಕೊಳ್ಳುತ್ತಾರೆ. ಆದರೆ ಇಲ್ಲಿ ನಲವತ್ತು ದಾಟಿದವರೆಲ್ಲ 'ನಾಳೆ ಬಾ' ಕಂಡವರು ಅಲ್ವಾ? 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಹಳ್ಳಿ, ಪೇಟೆಗಳಲ್ಲಿ ಬಾಗಿಲ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ 'ನಾಳೆ ಬಾ' ಅಂತ ಬರೆದಿರುತ್ತಿತ್ತು. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು. ಬರಹ ನೋಡಿದರೆ ವಾಪಸ್ ಹೋಗಿ ಮರುದಿನ ಬರುತ್ತದೆ. ಮರುದಿನವೂ ಅದೇ ಬರಹ. ಹಗಲು ಹೊತ್ತು ಜನ ಇದನ್ನು ಹೇಳಿಕೊಂಡು ನಗುತ್ತಿದ್ದರು. ಸಂಜೆಯಾದರೆ ಬಾಗಿಲ ಮೇಲಿನ ಅಕ್ಷರ ಮಾಸಿದೆಯಾ ಅಂತ ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದರು. ನಗು ಮತ್ತು ಭಯ ಎರಡೂ ಒಂದೇ ಬಾಗಿಲಲ್ಲಿ ಇದ್ದವು. ಒಂದು ಇನ್ನೊಂದನ್ನು ಅಳಿಸಲಿಲ್ಲ. ದೆವ್ವದ ಕಥೆಯಲ್ಲಿ ನಗು ಇರಬಾರದು ಅಂತ ನಾನು ಹೇಳುತ್ತಿಲ್ಲ ಅನ್ನುವುದು ನಿಮಗೆ ಗೊತ್ತಾಗಲಿ ಅಂತ ಇದನ್ನು ಮೊದಲೇ ಹೇಳಿದೆ.

ನಿಯಮಕ್ಕಿಂತ ದೊಡ್ಡ ವಿಷಯ ಒಂದಿದೆ. ಈ ಸರಣಿಯ ಮೊದಲ ಸೀಸನ್ ನೋಡಿ. ಪ್ರತಿ ವಾರ ಒಬ್ಬರೋ ಇಬ್ಬರೋ ಸಾಯುತ್ತಾರೆ. ಆದರೆ ಸತ್ತವರಿಗೆ ಒಂದು ಮನೆ ಇರುತ್ತದೆ. ಆ ಮನೆಯಲ್ಲಿ ಅಳುವವರಿರುತ್ತಾರೆ. ಮೂರನೇ ಕಂತು 'ಡೆಡ್ ಇನ್ ದ ವಾಟರ್'. ಒಂದು ಕೆರೆಯಲ್ಲಿ ಜನ ಮುಳುಗಿ ಸಾಯುತ್ತಿದ್ದಾರೆ. ತನ್ನ ಕಣ್ಣೆದುರೇ ಅಪ್ಪ ಮುಳುಗಿದ್ದನ್ನು ಕಂಡ ಲೂಕಸ್ ಎಂಬ ಪುಟ್ಟ ಹುಡುಗ ಮಾತು ಬಿಟ್ಟಿದ್ದಾನೆ. ಸುಮ್ನೆ ಕೂತು ಚಿತ್ರ ಬರೆಯುತ್ತಾನೆ. ಆ ತನಕ ತಮಾಷೆ ಮಾಡಿಕೊಂಡು, ಹುಡುಗಿಯರನ್ನು ನೋಡಿಕೊಂಡು ಓಡಾಡುವ ಡೀನ್ ಆ ಮಗುವಿನ ಪಕ್ಕ ಕೂರುತ್ತಾನೆ. ನಿನ್ನಷ್ಟಿದ್ದಾಗ ನಾನೂ ನನ್ನ ಅಮ್ಮನಿಗೆ ಕೆಟ್ಟದ್ದಾದದ್ದನ್ನು ನೋಡಿದೆ, ನನಗೂ ಹೆದರಿಕೆ ಆಗಿತ್ತು, ನನಗೂ ಮಾತು ಬೇಡವಾಗಿತ್ತು ಎಂದು ಹೇಳುತ್ತಾನೆ. ಇಷ್ಟೇ ಆ ದೃಶ್ಯ. ನನ್ನ ಮಟ್ಟಿಗೆ ಸರಣಿ ನಿಜವಾಗಿ ಶುರುವಾದದ್ದು ಅಲ್ಲಿ. ಕೆರೆಯಲ್ಲಿರುವ ದೆವ್ವವೂ ಒಂದು ಮಗುವೇ. ಎಷ್ಟೋ ವರ್ಷದ ಹಿಂದೆ ಬೇರೆ ಹುಡುಗರ ಕೈಯಲ್ಲಿ ಸತ್ತ ಮಗು. ದೆವ್ವಕ್ಕೂ ಅಳುವ ಹಕ್ಕಿದೆ ಎಂದು ಈ ಸರಣಿ ಒಪ್ಪಿಕೊಂಡಿತ್ತು.

ಅಂದರೆ ಸರಣಿ ನಮಗೆ ಒಂದು ಮಾತು ಕೊಟ್ಟಿತ್ತು. ಯಾರೇ ಸತ್ತರೂ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಅಂತ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈಗ 'ದಿ ಫ್ರೆಂಚ್ ಮಿಸ್ಟೇಕ್'ಗೆ ಬನ್ನಿ.

ಆರನೇ ಸೀಸನ್ನಿನ 15ನೇ ಕಂತು. ಪ್ರಸಾರ ಆದದ್ದು 2011ರ ಫೆಬ್ರವರಿ 25. ಬರೆದವರು ಬೆನ್ ಎಡ್ಲಂಡ್. ಸ್ವರ್ಗದಲ್ಲಿ ದೇವದೂತರ ನಡುವೆ ಯುದ್ಧ ನಡೆಯುತ್ತಿದೆ. ಒಂದು ಕಡೆ ರಫೇಲ್, ಇನ್ನೊಂದು ಕಡೆ ಅಣ್ಣ ತಮ್ಮಂದಿರ ಗೆಳೆಯ ಕ್ಯಾಸ್ಟಿಯಲ್. ಬಾಲ್ತಜಾರ್ ಎಂಬ ದೇವದೂತ ಓಡಿಬಂದು ಡೀನ್, ಸ್ಯಾಮ್ ಕೈಗೆ ಒಂದು ಕೀಲಿ ಕೊಟ್ಟು, ಅವರನ್ನು ಬೇರೊಂದು ಲೋಕಕ್ಕೆ ತಳ್ಳಿಬಿಡುತ್ತಾನೆ. ಆ ಲೋಕ ನಮ್ಮದೇ ಲೋಕ. ಅಲ್ಲಿ ದೆವ್ವವಿಲ್ಲ, ಮಂತ್ರವಿಲ್ಲ. ಅಲ್ಲಿ ಡೀನ್ ಎಂದರೆ ಜೆನ್ಸನ್ ಆಕಲ್ಸ್ ಎಂಬ ನಟ, ಸ್ಯಾಮ್ ಎಂದರೆ ಜಾರೆಡ್ ಪಡಲೆಕ್ಕಿ ಎಂಬ ನಟ. ಇಬ್ಬರೂ 'ಸೂಪರ್‌ನ್ಯಾಚುರಲ್' ಎಂಬ ಟಿವಿ ಸರಣಿಯಲ್ಲಿ ನಟಿಸುತ್ತಿದ್ದಾರೆ!

ಇದರಲ್ಲಿ ನಗು ಬರುವ ಜಾಗಗಳು ಬೇಕಾದಷ್ಟಿವೆ. ನಾನೂ ನಕ್ಕಿದ್ದೇನೆ. ಚಿತ್ರೀಕರಣ ನಡೆಯುವುದು ಕೆನಡಾದ ವ್ಯಾಂಕೂವರ್‌ನಲ್ಲಿ. ನಾವು ಅಮೆರಿಕದಲ್ಲೇ ಇಲ್ಲ ಅಂತ ಅವರಿಗೆ ಗೊತ್ತಾಗುವ ಕ್ಷಣ ಚೆನ್ನಾಗಿದೆ. ಮಾಟಕ್ಕೆ ಬೇಕಾದ ಸಾಮಾನುಗಳನ್ನು ನಟರ ಕ್ರೆಡಿಟ್ ಕಾರ್ಡಿನಲ್ಲಿ ತರಿಸಿಕೊಳ್ಳುತ್ತಾರೆ. ಜಾರೆಡ್‌ನ ನಿಜವಾದ ಹೆಂಡತಿ ಜೆನೆವೀವ್, ಹಿಂದೆ ಇದೇ ಸರಣಿಯಲ್ಲಿ ರೂಬಿ ಎಂಬ ರಾಕ್ಷಸಿಯಾಗಿ ನಟಿಸಿದ್ದವರು. ಅವರನ್ನು ಕಂಡು ಇಬ್ಬರೂ ಬೆಚ್ಚಿ ಬೀಳುತ್ತಾರೆ. ಎಲ್ಲಕ್ಕಿಂತ ಚೆಂದದ್ದು ಇವರಿಬ್ಬರೂ ಕ್ಯಾಮೆರಾ ಮುಂದೆ ನಟಿಸಲು ಹೋಗುವ ದೃಶ್ಯ. ಡೀನ್ ಆಗಿ ನಟಿಸಲು ಡೀನ್‌ಗೇ ಬರುವುದಿಲ್ಲ. ಮರದ ಬೊಂಬೆಯ ಹಾಗೆ ನಿಂತು, ಮಾತು ಮರೆತು, ಕ್ಯಾಮೆರಾವನ್ನೇ ದಿಟ್ಟಿಸುತ್ತಾರೆ. ಇಬ್ಬರು ಒಳ್ಳೆಯ ನಟರು ಕೆಟ್ಟ ನಟನೆಯನ್ನು ಇಷ್ಟು ಚೆನ್ನಾಗಿ ಮಾಡಿದ್ದು ಅಪರೂಪ. ಈ ಹೊಗಳಿಕೆಯಲ್ಲಿ ನಾನು ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ತಕರಾರು ಏನು? ತಕರಾರು ವರ್ಜಿಲ್.

ಆ ಕೀಲಿಗಾಗಿ ರಫೇಲ್ ಕಡೆಯ ದೇವದೂತ ವರ್ಜಿಲ್ ಇವರ ಹಿಂದೆಯೇ ಆ ಲೋಕಕ್ಕೆ ಬರುತ್ತಾನೆ. ಅಲ್ಲಿ ಅವನಿಗೆ ಶಕ್ತಿ ಇಲ್ಲ. ಬೆರಳು ತಾಗಿಸಿ ಸುಡಲಾರ. ಹಾಗಾಗಿ ಚಾಕು ಹಿಡಿಯುತ್ತಾನೆ, ಬಂದೂಕು ಹಿಡಿಯುತ್ತಾನೆ. ಮಿಶಾ ಕಾಲಿನ್ಸ್ ಎಂಬ ನಟ, ಅಂದರೆ ಕ್ಯಾಸ್ಟಿಯಲ್ ಪಾತ್ರ ಮಾಡುವವರು, ಈ ಕಂತಿನಲ್ಲಿ ತಮ್ಮದೇ ಹೆಸರಿನ ಪಾತ್ರದಲ್ಲಿದ್ದಾರೆ. ವರ್ಜಿಲ್ ಅವನನ್ನು ಹಿಡಿದುಕೊಂಡು ಹೋಗಿ ಒಂದು ಗಲ್ಲಿಯಲ್ಲಿ ಕತ್ತು ಕೊಯ್ಯುತ್ತಾನೆ. ಆ ರಕ್ತದಿಂದ ಸ್ವರ್ಗಕ್ಕೆ ಕರೆ ಮಾಡುತ್ತಾನೆ. ಅಣ್ಣ ತಮ್ಮ ಆ ಗಲ್ಲಿಗೆ ಬರುತ್ತಾರೆ. ಅಲ್ಲಿ ಮನೆಮಠವಿಲ್ಲದ ಒಬ್ಬ ಮನುಷ್ಯ ಎಲ್ಲವನ್ನೂ ನೋಡಿದ್ದಾನೆ. ಭಯಂಕರ ಮನುಷ್ಯನೊಬ್ಬ ಬಂದು, ಅಳುತ್ತಿದ್ದ ಆ ಚೆಂದದ ಮನುಷ್ಯನನ್ನು ಕೊಂದ ಎಂದು ಹೇಳುತ್ತಾನೆ. ಆ ಮಾತನ್ನು ಬರೆದಿರುವುದು ನಾವು ನಗಲಿ ಅಂತ. ನೋಡುವವರು ನಗುತ್ತಾರೆ ಕೂಡ.

ಆಮೇಲೆ ವರ್ಜಿಲ್ ಬಂದೂಕು ಹಿಡಿದು ಚಿತ್ರೀಕರಣದ ಜಾಗಕ್ಕೆ ನುಗ್ಗುತ್ತಾನೆ. ಸರಣಿಯ ಸೃಷ್ಟಿಕರ್ತ ಎರಿಕ್ ಕ್ರಿಪ್ಕಿಯ ಪಾತ್ರವೂ ಅಲ್ಲಿದೆ. ಅದನ್ನು ಬೇರೊಬ್ಬ ನಟ ಮಾಡಿದ್ದಾರೆ. ಹಳೆಯ ಕೌಬಾಯ್ ಸಿನಿಮಾಗಳ ಧಾಟಿಯ ಸಂಗೀತದೊಂದಿಗೆ, ನಿಧಾನಗತಿಯಲ್ಲಿ, ಆ ಪಾತ್ರ ಗುಂಡೇಟಿಗೆ ಬೀಳುತ್ತದೆ. ಜೊತೆಗೆ ಇನ್ನೂ ಕೆಲವರು ಬೀಳುತ್ತಾರೆ. ಅವರೆಲ್ಲ ಬೆಳಗ್ಗೆ ಕೆಲಸಕ್ಕೆ ಬಂದ ಜನ. ಅವರ ಲೋಕದಲ್ಲಿ ಆವತ್ತಿನವರೆಗೆ ಒಂದು ದೆವ್ವವೂ ಇರಲಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಿ. ಇದನ್ನೇ ಮೊದಲ ಸೀಸನ್ನಿನ ಕಣ್ಣಿನಿಂದ ನೋಡಿ. ದೆವ್ವವೇ ಇಲ್ಲದ ಲೋಕ. ಅಲ್ಲಿಗೆ ಮೊದಲ ಬಾರಿಗೆ ಒಂದು ನಿಜವಾದ ಅಮಾನುಷ ಜೀವಿ ಬರುತ್ತದೆ. ಅದು ಬಂದದ್ದು ಡೀನ್, ಸ್ಯಾಮ್ ಅಲ್ಲಿಗೆ ಬಂದ ಕಾರಣಕ್ಕೆ. ಉಪ್ಪು ಗೊತ್ತಿಲ್ಲದ, ಕಬ್ಬಿಣ ಗೊತ್ತಿಲ್ಲದ, ಏನಾಗುತ್ತಿದೆ ಎಂಬುದೇ ಗೊತ್ತಿಲ್ಲದ ಜನ ಸಾಯುತ್ತಾರೆ. ಇದಕ್ಕಿಂತ ಭಯಂಕರ ಕಥೆ ಈ ಸರಣಿಗೆ ಇನ್ಯಾವುದು ಸಿಗಬೇಕಿತ್ತು ಹೇಳಿ? ಬೇರೆ ಯಾವ ಕಂತಿನಲ್ಲಾದರೂ ಆಗಿದ್ದರೆ ಸ್ಯಾಮ್ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಡೀನ್ ಮಾತಿಲ್ಲದೆ ಕಾರು ಓಡಿಸುತ್ತಿದ್ದ. ನಮ್ಮಿಂದ ಇವರು ಸತ್ತರು ಎಂಬ ಭಾರ ಹೊತ್ತೇ ಈ ಇಬ್ಬರೂ 15 ಸೀಸನ್ ನಡೆದಿದ್ದಾರೆ. ಈ ಕಂತಿನಲ್ಲಿ ಮಾತ್ರ ಆ ಭಾರ ಇಲ್ಲ. ತಮ್ಮ ಲೋಕಕ್ಕೆ ವಾಪಸ್ ಬರುತ್ತಾರೆ. ಸತ್ತವರ ಬಗ್ಗೆ ಒಂದೇ ಒಂದು ಮಾತಿಲ್ಲ. ಡೀನ್ ಗೋಡೆ ಮುಟ್ಟಿ ನೋಡುತ್ತಾನೆ. ಗಟ್ಟಿ ಇದೆ, ಸೆಟ್ ಅಲ್ಲ, ನಿಜವಾದ ಗೋಡೆ. ಖುಷಿಯಾಗುತ್ತದೆ. ಮುಗಿಯಿತು.

ಸತ್ತವರು 'ನಿಜ' ಅಲ್ಲ ಎಂದು ಕಂತು ನಮಗೆ ಹೇಳಿಕೊಡುತ್ತಿದೆ. ಅದೂ ಹೇಗೆ? ನಮ್ಮ ಥರ ಬದುಕುವ ಜನರನ್ನು ತೋರಿಸಿ, ಇವರು ಲೆಕ್ಕಕ್ಕಿಲ್ಲ ಎನ್ನುತ್ತಿದೆ.

ಈ ಮಾತು ಹೇಳಿದಾಗಲೆಲ್ಲ ನನಗೆ ಬರುವ ಉತ್ತರ ಒಂದೇ. "ಅಯ್ಯೋ ಮೇಡಂ, ಅದು ಸುಮ್ನೆ ಕಾಮಿಡಿ ಕಂತು. ಅಷ್ಟು ಗಂಭೀರವಾಗಿ ಯಾಕೆ ತಗೋತೀರ?" ನಮ್ಮ ಹಾಸ್ಟೆಲ್ ಹುಡುಗರು, ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾ ಮೊಬೈಲಿನಲ್ಲಿ ಸರಣಿ ನೋಡುವವರು, ಎಲ್ಲರದೂ ಇದೇ ಮಾತು. ಹಾಗಾದರೆ ಕಾಮಿಡಿ ಕಂತುಗಳನ್ನೇ ನೋಡೋಣ. ಇದೇ ಸರಣಿಯದ್ದು.

ಮೂರನೇ ಸೀಸನ್ನಿನ 11ನೇ ಕಂತು, 'ಮಿಸ್ಟರಿ ಸ್ಪಾಟ್'. 2008ರ ಫೆಬ್ರವರಿ 14ರಂದು ಬಂದದ್ದು. ನಿರ್ದೇಶಕರು ಕಿಮ್ ಮ್ಯಾನರ್ಸ್. ಫ್ಲೋರಿಡಾದ ಒಂದು ಊರು. ಮಂಗಳವಾರ ಬೆಳಗ್ಗೆ ರೇಡಿಯೊದಲ್ಲಿ ಹಾಡು ಶುರುವಾಗುತ್ತದೆ, ಸ್ಯಾಮ್ ಏಳುತ್ತಾನೆ. ಆ ದಿನ ಡೀನ್ ಸಾಯುತ್ತಾನೆ. ಸ್ಯಾಮ್ ಮತ್ತೆ ಏಳುತ್ತಾನೆ. ಅದೇ ಹಾಡು, ಅದೇ ಮಂಗಳವಾರ. ಡೀನ್ ಮತ್ತೆ ಸಾಯುತ್ತಾನೆ. ಗುಂಡು ತಗುಲಿ, ಕಾರು ಗುದ್ದಿ, ಮೇಲಿಂದ ಭಾರದ ಸಾಮಾನು ಬಿದ್ದು, ತಿಂಡಿ ಗಂಟಲಿಗೆ ಸಿಕ್ಕಿ, ಬಚ್ಚಲಲ್ಲಿ ಜಾರಿ. ನೂರಕ್ಕೂ ಹೆಚ್ಚು ಮಂಗಳವಾರ ಆಯಿತು ಅಂತ ಸ್ಯಾಮ್ ಹೇಳುತ್ತಾನೆ. ನಾವು ನಗುತ್ತಲೇ ಇರುತ್ತೇವೆ. ನಾಯಕನ ಸಾವನ್ನು ನೋಡಿ ನಗುತ್ತೇವೆ, ಗಮನಿಸಿ. ಯಾವುದೋ ದಾರಿಹೋಕನದ್ದಲ್ಲ.

ಹೋಟೆಲಿನಲ್ಲಿ ದಿನಾ ಒಂದೇ ಥರದ ಸಿರಪ್ ಹಾಕಿಕೊಳ್ಳುವ ಗಿರಾಕಿಯೊಬ್ಬ ಒಂದು ಮಂಗಳವಾರ ಬೇರೆ ಸಿರಪ್ ಹಾಕಿಕೊಂಡಿರುತ್ತಾನೆ. ಎಲ್ಲವೂ ಹಾಗೇ ಇರುವ ದಿನದಲ್ಲಿ ಒಂದು ಮಾತ್ರ ಬದಲಾಗಿದೆ. ಸ್ಯಾಮ್‌ಗೆ ಅದು ಹೊಳೆಯುತ್ತದೆ. ಆ ಗಿರಾಕಿಯೇ ಟ್ರಿಕ್‌ಸ್ಟರ್, ಜನರ ಜೊತೆ ಕ್ರೂರ ಆಟ ಆಡುವವನು. ಸಿಕ್ಕಿಬಿದ್ದ ಮೇಲೆ ಬುಧವಾರ ಬರುತ್ತದೆ. ರೇಡಿಯೊದಲ್ಲಿ ಬೇರೆ ಹಾಡು. ಸ್ಯಾಮ್‌ಗೆ ಎಷ್ಟು ಸಮಾಧಾನ! ನಮಗೂ. ಆ ಬುಧವಾರ, ಮೋಟೆಲಿನ ಕಾರು ನಿಲ್ಲಿಸುವ ಜಾಗದಲ್ಲಿ, ಯಾವನೋ ಒಬ್ಬ ಡೀನ್‌ಗೆ ಗುಂಡು ಹೊಡೆಯುತ್ತಾನೆ. ಡೀನ್ ಸಾಯುತ್ತಾನೆ. ಸ್ಯಾಮ್ ಮತ್ತೆ ಮಂಗಳವಾರಕ್ಕೆ ಏಳಲು ಕಾಯುತ್ತಾನೆ. ಏಳುವುದಿಲ್ಲ.

ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಸ್ಯಾಮ್ ಒಬ್ಬನೇ. ಒಬ್ಬನೇ ಉಣ್ಣುತ್ತಾನೆ. ಹಾಸಿಗೆಯನ್ನು ಒಂದು ಸುಕ್ಕಿಲ್ಲದ ಹಾಗೆ ಹಾಸುತ್ತಾನೆ. ಆಯುಧಗಳನ್ನು ಸಾಲಾಗಿ ಜೋಡಿಸುತ್ತಾನೆ. ತನ್ನ ಮೈಗೆ ಹೊಕ್ಕ ಗುಂಡನ್ನು ತಾನೇ ತೆಗೆದು ಹೊಲಿದುಕೊಳ್ಳುತ್ತಾನೆ. ಮಾತಿಲ್ಲ. ನಾವು ಅರ್ಧ ಗಂಟೆ ನಕ್ಕ ನಗುವನ್ನೆಲ್ಲ ಈ ಕೆಲವು ನಿಮಿಷಗಳು ವಾಪಸ್ ಕೇಳುತ್ತವೆ. ಬಾಕಿ ಚುಕ್ತಾ ಮಾಡಿ ಎನ್ನುತ್ತವೆ. ಟ್ರಿಕ್‌ಸ್ಟರ್ ಯಾಕೆ ಹೀಗೆ ಮಾಡಿದ? ಡೀನ್ ಆಗಲೇ ತನ್ನ ಆತ್ಮವನ್ನು ಅಡ ಇಟ್ಟಿದ್ದಾನೆ, ಇನ್ನು ಸ್ವಲ್ಪ ಕಾಲ ಮಾತ್ರ ಬದುಕುತ್ತಾನೆ. ನೀನು ಎಷ್ಟು ಒದ್ದಾಡಿದರೂ ಉಳಿಸಲು ಆಗಲ್ಲ ಅನ್ನುವುದನ್ನು ಸ್ಯಾಮ್‌ಗೆ ತೋರಿಸಲು. ಆ ಸೀಸನ್ನಿನ ಕೊನೆಯಲ್ಲಿ ಡೀನ್ ನಿಜವಾಗಿಯೂ ಸಾಯುತ್ತಾನೆ. ಅಂದರೆ ಆ ನಗು ಒಂದು ದೊಡ್ಡ ದುಃಖದ ತಯಾರಿ ಆಗಿತ್ತು. ಇದನ್ನೂ ಅಭಿಮಾನಿಗಳು ಮೆಚ್ಚುತ್ತಾರೆ. ಇದನ್ನು ಮೆಚ್ಚುವವರ ಸಾಲಿನಲ್ಲಿ ನಾನು ಮುಂದೆ ನಿಲ್ಲುತ್ತೇನೆ.

ಐದನೇ ಸೀಸನ್ನಿನ 'ಚೇಂಜಿಂಗ್ ಚಾನೆಲ್ಸ್' ಕೂಡ ಹೀಗೆ. ಅದನ್ನು ಬೇಗ ದಾಟುತ್ತೇನೆ. ಟಿವಿ ಕಾರ್ಯಕ್ರಮಗಳ ಒಳಗೆ ಸಿಕ್ಕಿಕೊಳ್ಳುವ ಕಥೆ, ಪೂರ್ತಿ ನಗು. ಕೊನೆಗೆ ಆ ಟ್ರಿಕ್‌ಸ್ಟರ್ ಯಾರು ಅಂತ ಗೊತ್ತಾಗುತ್ತದೆ. ತನ್ನ ಅಣ್ಣಂದಿರ ಜಗಳ ನೋಡಲಾರದೆ ಮನೆ ಬಿಟ್ಟು ಓಡಿಬಂದ ದೇವದೂತ ಗೇಬ್ರಿಯಲ್ ಅವನು. ಅಲ್ಲೂ ನಗುವಿನ ಅಡಿಯಲ್ಲಿ ಒಂದು ಮನೆ ಒಡೆದಿದೆ.

ಇನ್ನೊಂದು ವಾದವಿದೆ. ಕಥೆಯ ಗೋಡೆ ಒಡೆದು ಹೊರಗೆ ಬರುವುದೇ ಈ ಕಂತಿನ ಹೊಸತನ, ಅದು ನಿಮಗೆ ಹಿಡಿಸಲಿಲ್ಲ ಅಂತ ಕೆಲವರು ಹೇಳುತ್ತಾರೆ. ಇದಕ್ಕೆ ಉತ್ತರ ಹೇಳಲು ಸ್ವಲ್ಪ ನಮ್ಮ ಜಿಲ್ಲೆಯೊಳಗೆ ಸುತ್ತಿ ಬರುತ್ತೇನೆ.

ನಾನು ತುರುವೇಕೆರೆ ಕಡೆಯ ಹಳ್ಳಿಯಲ್ಲಿ ಮೂಡಲಪಾಯ ಬಯಲಾಟ ನೋಡಿ ಬೆಳೆದವಳು. ನಿಮ್ಮಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯವರಿಗೂ ಗೊತ್ತಿರುತ್ತದೆ. ರಾಜ ಆರ್ಭಟ ಮಾಡಿಕೊಂಡು ರಂಗಕ್ಕೆ ಬರುತ್ತಾನೆ. ಸಾರಥಿ ಅವನನ್ನು ತಡೆದು, ನೀವು ಯಾರು, ಯಾವ ಊರು, ಬಂದ ಕಾರಣ ಏನು ಅಂತ ಕೇಳುತ್ತಾನೆ. ನಡುವೆ ಹಾಸ್ಯಗಾರ ಬಂದು ನಮ್ಮೂರಿನ ಗೌಡರ ಹೆಸರೆತ್ತುತ್ತಾನೆ, ಮುಂದೆ ಕೂತವರನ್ನು ಮಾತಿಗೆಳೆಯುತ್ತಾನೆ, ಕಿರೀಟ ಹಾಕಿದವನು ನಿನ್ನೆ ಹೊಲದಲ್ಲಿ ಏನು ಮಾಡುತ್ತಿದ್ದ ಅನ್ನುವುದನ್ನೂ ಹೇಳಿ ನಗಿಸುತ್ತಾನೆ. ಗೋಡೆ ಒಡೆಯುವುದು ಅಂದರೆ ಇದೇ ಅಲ್ವಾ? ನಮ್ಮಲ್ಲಿ ಆ ಗೋಡೆ ಯಾವತ್ತೂ ಇರಲೇ ಇಲ್ಲ. ಆದರೆ ಬೆಳಗಿನ ಜಾವ ಕರ್ಣ ಬೀಳುವಾಗ ಅದೇ ಹಾಸ್ಯಗಾರ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಆ ಕರ್ಣ ಯಾರ ಮನೆ ಮಗ ಅಂತ ಇಡೀ ಊರಿಗೆ ಗೊತ್ತು. ಆದರೂ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಅವನು ಬಣ್ಣ ಹಚ್ಚಿಕೊಂಡ ಹುಡುಗ ಎಂದು ಗೊತ್ತಿರುವುದು ಅಳುವುದಕ್ಕೆ ಅಡ್ಡಿಯಾಗುವುದಿಲ್ಲ.

ಗುಬ್ಬಿ ಇಲ್ಲೇ ಪಕ್ಕದಲ್ಲಿದೆ. 1884ರಲ್ಲಿ ಅಲ್ಲಿ ಶುರುವಾದ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ಎಷ್ಟು ದೊಡ್ಡದಾಗಿ ಬೆಳೆಸಿದರು ಅನ್ನುವುದು ನಿಮಗೆ ಗೊತ್ತು. ವೀರಣ್ಣನವರಿಗೆ ಹೆಸರು ತಂದ ಪಾತ್ರಗಳಲ್ಲಿ ಹಾಸ್ಯವೇ ಮುಂದು. 'ಸದಾರಮೆ' ನಾಟಕದಲ್ಲಿ ಅವರ ಕಳ್ಳನ ಪಾತ್ರ ಮನೆಮಾತಾಗಿತ್ತು. ಕಳ್ಳ ನಗಿಸುತ್ತಾನೆ. ಆದರೆ ಸದಾರಮೆಯ ಕಷ್ಟ ಕಷ್ಟವೇ. ಅವಳು ತಪ್ಪಿಸಿಕೊಳ್ಳಬೇಕು ಅಂತ ಜನ ಬಯಸುತ್ತಲೇ ನಗುತ್ತಾರೆ. ನಗಿಸುವ ಕಲೆಯ ದೊಡ್ಡವರಿಗೆ ಈ ಹದ ಗೊತ್ತಿತ್ತು.

ಹಾಗಾಗಿ ಗೋಡೆ ಒಡೆದಿದ್ದಕ್ಕೆ ನನಗೆ ಬೇಜಾರಿಲ್ಲ. ಒಡೆದ ಮೇಲೆ ಆ ಕಡೆ ಇರುವವರನ್ನು ಹೇಗೆ ನೋಡಿಕೊಂಡರು ಅನ್ನುವುದೇ ನನ್ನ ಪ್ರಶ್ನೆ. ಅಂದಹಾಗೆ, ಈ ಕಂತಿನ ಹೆಸರು ಬಂದದ್ದು ಮೆಲ್ ಬ್ರೂಕ್ಸ್ ಅವರ 1974ರ 'ಬ್ಲೇಜಿಂಗ್ ಸ್ಯಾಡಲ್ಸ್' ಸಿನಿಮಾದ ಒಂದು ಹಾಡಿನಿಂದ. ಅಲ್ಲಿ ಹೊಡೆದಾಟ ಜೋರಾಗಿ, ಸ್ಟುಡಿಯೊ ಗೋಡೆ ಒಡೆದು, ಪಕ್ಕದ ಸೆಟ್ಟಿನಲ್ಲಿ ನಡೆಯುತ್ತಿರುವ ಆ ಹಾಡಿನ ಚಿತ್ರೀಕರಣಕ್ಕೆ ನುಗ್ಗುತ್ತದೆ. ಅದು ಮೊದಲಿನಿಂದ ಕೊನೆತನಕ ಹಾಸ್ಯದ ಸಿನಿಮಾ. ಯಾರ ಸಾವಿಗೂ ಅಳುತ್ತೇನೆ ಅಂತ ಅದು ಮಾತು ಕೊಟ್ಟಿರಲಿಲ್ಲ. 'ಸೂಪರ್‌ನ್ಯಾಚುರಲ್' ಕೊಟ್ಟಿತ್ತು.

ಗೋಡೆ ಒಡೆಯುವುದನ್ನು ಈ ಸರಣಿಯೇ ಮೊದಲು ಎಷ್ಟು ಚೆನ್ನಾಗಿ ಮಾಡಿತ್ತು ಎಂಬುದಕ್ಕೆ ನಾಲ್ಕನೇ ಸೀಸನ್ನಿನ 18ನೇ ಕಂತು ನೋಡಿ, 'ದ ಮಾನ್‌ಸ್ಟರ್ ಅಟ್ ದಿ ಎಂಡ್ ಆಫ್ ದಿಸ್ ಬುಕ್'. ಅಣ್ಣ ತಮ್ಮಂದಿರಿಗೆ ತಮ್ಮದೇ ಜೀವನ ಕಾದಂಬರಿಗಳಾಗಿ ಅಚ್ಚಾಗಿರುವುದು ಗೊತ್ತಾಗುತ್ತದೆ. ಅಭಿಮಾನಿಗಳೂ ಇದ್ದಾರೆ. ಅಲ್ಲೂ ಬೇಕಾದಷ್ಟು ನಗು. ಬರೆದವನು ಚಕ್ ಎಂಬ ಕುಡುಕ ಲೇಖಕ. ತನ್ನ ಪಾತ್ರಗಳು ಜೀವಂತ ಬಂದು ನಿಂತಾಗ ಅವನು ಏನು ಮಾಡುತ್ತಾನೆ ಗೊತ್ತೇ? ಕುಸಿದುಹೋಗುತ್ತಾನೆ. ನಿಮ್ಮ ಅಪ್ಪನನ್ನು ನಾನು ಕೊಂದೆ, ನಿಮ್ಮ ಅಮ್ಮನನ್ನು ಸುಟ್ಟೆ, ಬರೀ ಓದುವವರಿಗಾಗಿ ನಿಮಗೆ ಇಷ್ಟು ನೋವು ಕೊಟ್ಟೆ ಎಂದು ಕ್ಷಮೆ ಕೇಳುತ್ತಾನೆ. ಕಥೆ ಬರೆಯುವವರಿಗೆ ತಮ್ಮ ಕಥೆಯ ಸಾವುಗಳ ಜವಾಬ್ದಾರಿ ಇದೆ ಎಂದು ಆ ದೃಶ್ಯ ಒಪ್ಪಿಕೊಂಡಿತು. ಅದು 2009ರ ಏಪ್ರಿಲ್. ಎರಡು ವರ್ಷ ತುಂಬುವ ಮೊದಲೇ ಅದೇ ಸರಣಿ ತನ್ನ ಸೃಷ್ಟಿಕರ್ತನ ಹೆಸರಿನ ಪಾತ್ರವನ್ನು ನಗುವಿಗಾಗಿ ಗುಂಡಿಕ್ಕಿ ಕೆಡವಿತು. ಈ ನಡುವೆ ಏನಾಯಿತು? ಐದನೇ ಸೀಸನ್ನಿಗೆ ಕ್ರಿಪ್ಕಿ ತಾವು ಅಂದುಕೊಂಡಿದ್ದ ಕಥೆಯನ್ನು ಮುಗಿಸಿ, ಸರಣಿಯ ಹೊಣೆಯನ್ನು ಸೆರಾ ಗ್ಯಾಂಬಲ್ ಅವರಿಗೆ ಬಿಟ್ಟರು. ಆರನೇ ಸೀಸನ್ನಿನಲ್ಲಿ ಸರಣಿ ತನ್ನ ದಾರಿ ಹುಡುಕುತ್ತಿತ್ತು. ದಾರಿ ಹುಡುಕುವಾಗ ತನ್ನನ್ನು ತಾನೇ ನೋಡಿ ನಗುವುದು ಸಹಜ. ಅದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆದರೆ ನಗುವ ಭರದಲ್ಲಿ ಕೈಯಲ್ಲಿದ್ದ ಒಳ್ಳೆಯ ವಸ್ತುವನ್ನು ಬಿಟ್ಟರು.

ಆ ಒಳ್ಳೆಯ ವಸ್ತು ಈ ಕಂತಿನೊಳಗೇ ಎರಡು ಕಡೆ ಇಣುಕುತ್ತದೆ. ನನಗೆ ನಿಜಕ್ಕೂ ಸಂಕಟ ಆಗುವುದು ಅದಕ್ಕೇ.

ಒಂದು. ಆ ಲೋಕದಲ್ಲಿ ದುಡ್ಡಿದೆ, ದೊಡ್ಡ ಮನೆಯಿದೆ, ಸ್ಯಾಮ್‌ಗೆ ಹೆಂಡತಿ ಇದ್ದಾಳೆ. ದೆವ್ವವಿಲ್ಲ, ಪ್ರಳಯವಿಲ್ಲ. ಇಲ್ಲೇ ಉಳಿದುಬಿಡಬಹುದಲ್ವಾ ಎಂಬ ಮಾತು ಬರುತ್ತದೆ. ಆದರೆ ಅಲ್ಲಿ ಜೆನ್ಸನ್, ಜಾರೆಡ್ ಮಾತೂ ಆಡದ ಸಹೋದ್ಯೋಗಿಗಳು. ಇಬ್ಬರೂ ಮಾತಾಡಿಕೊಳ್ಳುವುದನ್ನು ಕಂಡು ಸೆಟ್ಟಿನವರು ಆಶ್ಚರ್ಯಪಡುತ್ತಾರೆ. ಸ್ಯಾಮ್ ಹೇಳುತ್ತಾನೆ, ಇಲ್ಲಿ ನಾವು ಅಣ್ಣ ತಮ್ಮಂದಿರೂ ಅಲ್ಲವಲ್ಲ ಅಂತ. ಎಷ್ಟು ದೊಡ್ಡ ಮಾತು ನೋಡಿ. ಸುಖ ಬೇಕೋ, ಅಣ್ಣ ಬೇಕೋ? 15 ಸೀಸನ್ನಿನ ಇಡೀ ಕಥೆ ಆ ಒಂದು ವಾಕ್ಯದಲ್ಲಿದೆ. ಅದರ ಮೇಲೆ ಒಂದು ಪೂರ್ತಿ ಕಂತು ಕಟ್ಟಬಹುದಿತ್ತು. ಆ ಕಂತಿನಲ್ಲಿ ನಗುವೂ ಇರಬಹುದಿತ್ತು. ಕೆಲವೇ ಸೆಕೆಂಡಿನಲ್ಲಿ ಮಾತು ಮುಗಿದು ಕಥೆ ಓಡುತ್ತದೆ.

ಇನ್ನೊಂದು ಕೊನೆಯಲ್ಲಿ ಬರುತ್ತದೆ. ಅಣ್ಣ ತಮ್ಮ ವಾಪಸ್ ಬಂದಾಗ ರಫೇಲ್ ಎದುರಿಗೆ ನಿಂತಿರುತ್ತಾನೆ. ಕ್ಯಾಸ್ಟಿಯಲ್ ಬಂದು ಕಾಪಾಡುತ್ತಾನೆ. ಆಗ ವಿಷಯ ಹೊರಗೆ ಬರುತ್ತದೆ. ರಫೇಲ್‌ನ ಗಮನ ಬೇರೆಡೆ ಸೆಳೆಯಲು ಇವರಿಬ್ಬರನ್ನು ಬರೀ ಎರೆಯಾಗಿ ಬಳಸಲಾಗಿತ್ತು. ಆ ಹೊತ್ತಿನಲ್ಲಿ ಸ್ವರ್ಗದ ಆಯುಧಗಳು ಕ್ಯಾಸ್ಟಿಯಲ್ ಕೈ ಸೇರಿವೆ. ನಿನಗೆ ಇದು ಗೊತ್ತಿತ್ತಾ ಅಂತ ಡೀನ್ ಕೇಳಿದರೆ, ಯೋಜನೆ ಬಾಲ್ತಜಾರ್‌ನದು, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ ಎನ್ನುತ್ತಾನೆ ಕ್ಯಾಸ್ಟಿಯಲ್. ಬೇರೇನೂ ವಿವರಿಸದೆ ಹೊರಟುಹೋಗುತ್ತಾನೆ.

ಇದು ಇಡೀ ಸೀಸನ್ನಿನ ಗುಟ್ಟು. ಜೀವಕ್ಕೆ ಜೀವ ಕೊಡುವ ಗೆಳೆಯ ಇವರನ್ನು ದಾಳವಾಗಿ ಬಳಸುವವನಾಗಿ ಬದಲಾಗುತ್ತಿದ್ದಾನೆ. ಆ ಆಟದ ಬೆಲೆ ತೆತ್ತವರು ಯಾರು? ಗಲ್ಲಿಯಲ್ಲಿ ಸತ್ತ ಮಿಶಾ. ನೋಡಿ, ಅವನ ಮುಖ ಕ್ಯಾಸ್ಟಿಯಲ್‌ನ ಮುಖವೇ! ತನ್ನದೇ ಮುಖ ಹೊತ್ತ ಒಬ್ಬ ಅಮಾಯಕ ತನ್ನ ಯುದ್ಧಕ್ಕೆ ಬಲಿಯಾದ ಅಂತ ಕ್ಯಾಸ್ಟಿಯಲ್‌ಗೆ ಯಾರಾದರೂ ಹೇಳಬೇಕಿತ್ತು. ಡೀನ್ ಆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಿಂದಿನ ನಗುವೆಲ್ಲ ತಿರುಗಿ ನಿಲ್ಲುತ್ತಿತ್ತು, 'ಮಿಸ್ಟರಿ ಸ್ಪಾಟ್'ನ ಬುಧವಾರದ ಹಾಗೆ. ಯಾರೂ ಹೇಳಲಿಲ್ಲ. ಒಂದು ವಾಕ್ಯದ ದೂರದಲ್ಲಿ ಒಂದು ದೊಡ್ಡ ಕಂತು ತಪ್ಪಿಹೋಯಿತು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಕೊನೆಗೆ ಬೆನ್ ಎಡ್ಲಂಡ್ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಕಂತು ಹಿಡಿಸಲಿಲ್ಲ ಅಂದ ಮಾತ್ರಕ್ಕೆ ಅವರನ್ನು ನಾನು ಸಣ್ಣ ಬರಹಗಾರ ಅನ್ನುತ್ತಿಲ್ಲ. ಎರಡೂವರೆ ತಿಂಗಳಿನ ಒಳಗೆ, 2011ರ ಮೇ 6ರಂದು, ಅದೇ ಸೀಸನ್ನಿನ 20ನೇ ಕಂತು ಬಂತು. 'ದ ಮ್ಯಾನ್ ಹೂ ವುಡ್ ಬಿ ಕಿಂಗ್'. ಬರೆದು ನಿರ್ದೇಶಿಸಿದವರು ಅದೇ ಎಡ್ಲಂಡ್. ಪೂರ್ತಿ ಕ್ಯಾಸ್ಟಿಯಲ್‌ನ ಕಣ್ಣಿನಿಂದ ಹೇಳಿದ ಕಥೆ. ಅವನು ಬೆಂಚಿನ ಮೇಲೆ ಕೂತು ದೇವರ ಹತ್ತಿರ ಮಾತಾಡುತ್ತಾನೆ. ತಾನು ಮಾಡಿದ್ದನ್ನೆಲ್ಲ ಹೇಳಿಕೊಳ್ಳುತ್ತಾನೆ. ಸರಿಯೋ ತಪ್ಪೋ ಒಂದು ಸೂಚನೆ ಕೊಡು ಅಂತ ಕೇಳುತ್ತಾನೆ.

ಆ ಕಂತಿನಲ್ಲೂ ಒಂದು ತಮಾಷೆ ಇದೆ. ಕ್ಯಾಸ್ಟಿಯಲ್ ಮೇಲೆ ಅನುಮಾನ ಬಂದು ಅಣ್ಣ ತಮ್ಮ ಮತ್ತು ಅವರ ಜೊತೆಗಿರುವ ಹಿರಿಯ ಬೇಟೆಗಾರ ಬಾಬಿ, ಮೂವರೇ ಕೂತು ಮಾತಾಡುವಾಗ, ಅವನು ಕೆಟ್ಟವನಾಗಿದ್ದರೆ ಅದು ಸೂಪರ್‌ಮ್ಯಾನ್ ಕೆಟ್ಟ ದಾರಿ ಹಿಡಿದ ಹಾಗೆ ಅನ್ನುವ ಮಾತು ಬರುತ್ತದೆ. ಆಮೇಲೆ ಕ್ಯಾಸ್ಟಿಯಲ್ ಬಂದು ಇವರ ಜೀವ ಉಳಿಸುತ್ತಾನೆ. ಎಲ್ಲರಿಗೂ ಸಮಾಧಾನ. ಆಗ ಅವನು ಸಹಜವಾಗಿ, ನಾನು ಸೂಪರ್‌ಮ್ಯಾನ್ ಥರ ಕೆಟ್ಟುಹೋಗುವುದಾ, ನಾನು ಅದೇ ಕ್ಯಾಸ್ಟಿಯಲ್ ಎನ್ನುತ್ತಾನೆ. ಎಲ್ಲರೂ ನಗಬೇಕಾದ ಜಾಗ. ನಗು ಮುಗಿದ ಮೇಲೆ ಡೀನ್‌ಗೆ ಹೊಳೆಯುತ್ತದೆ. ಸೂಪರ್‌ಮ್ಯಾನ್ ಮಾತು ನಾವು ಮೂವರೇ ಇದ್ದಾಗ ಆಡಿದ್ದು. ಇವನಿಗೆ ಹೇಗೆ ಗೊತ್ತು? ಅಂದರೆ ಕಾಣದ ಹಾಗೆ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಾನೆ. ಒಂದು ಚಿಕ್ಕ ಜೋಕ್ ಇಡೀ ಗೆಳೆತನವನ್ನು ಮುರಿಯುತ್ತದೆ. ಅಲ್ಲಿಂದ ಆ ಕಂತು ಉಸಿರು ಬಿಡಲು ಬಿಡುವುದಿಲ್ಲ. ಭಯ, ನಗು, ದುಃಖ ಮೂರನ್ನೂ ಒಂದೇ ಮಾತಿನಲ್ಲಿ ಹಿಡಿಯುವ ಶಕ್ತಿ ಈ ಬರಹಗಾರರಿಗೆ ಇತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಫೆಬ್ರವರಿಯ ಕಂತಿನಿಂದ ನಾನು ಕೇಳುತ್ತಿರುವುದೂ ಇದೇ ಬರಹಗಾರರ ಈ ಶಕ್ತಿಯನ್ನೇ.

'ಮಿಸ್ಟರಿ ಸ್ಪಾಟ್', 'ದಿ ಫ್ರೆಂಚ್ ಮಿಸ್ಟೇಕ್', 'ದ ಮ್ಯಾನ್ ಹೂ ವುಡ್ ಬಿ ಕಿಂಗ್' ಮೂರನ್ನೂ ಇದೇ ಕ್ರಮದಲ್ಲಿ, ಒಂದೇ ದಿನ ಕೂತು ನೋಡಿ. ಹಿರಿಯರೂ ನೋಡಬಹುದು, ಹಿಂದಿನ ಕಥೆಯನ್ನು ಪಕ್ಕದಲ್ಲಿರುವ ಹುಡುಗರು ಹೇಳುತ್ತಾರೆ. ಈಗ ನೀವು ಮಾತಾಡಿ. ಆ ಕಂತನ್ನು ತುಂಬಾ ಇಷ್ಟಪಟ್ಟವರು ಮೊದಲು. ಗಲ್ಲಿಯ ದೃಶ್ಯದಿಂದಲೇ ಶುರು ಮಾಡಿ.